ಬೋಲ್ಟ್ ಯಾರನ್ನೂ ಮೇಲೆ ಎತ್ತುವುದಿಲ್ಲ
ನಮಸ್ಕಾರ ಎಲ್ಲರಿಗೂ. ಇವತ್ತು ಶೂ ಬಗ್ಗೆ ಮಾತಾಡಬೇಕಿತ್ತು. ಅದು ಮುಂದಿನ ವಾರ. ಯಾಕೆಂದರೆ ಬಾದಾಮಿಯಲ್ಲಿ ನಾನು ಬಂಡೆ ಹತ್ತಿದ ವಿಡಿಯೋ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ: "ಬೋಲ್ಟ್ ಹೊಡೆದಿದ್ದಾರೆ, ಹಗ್ಗ ಕಟ್ಟಿದ್ದಾರೆ, ಇದರಲ್ಲಿ ನಿಮ್ಮದೇನು ಹೆಚ್ಚುಗಾರಿಕೆ? ಚಿತ್ರದುರ್ಗದ ಜ್ಯೋತಿರಾಜ್ ಬರಿಗೈಯಲ್ಲೇ ಹತ್ತುತ್ತಾರೆ."

ಮೊದಲು ಜ್ಯೋತಿರಾಜ್ ಅವರಿಗೆ ಕೈ ಮುಗಿಯುತ್ತೇನೆ. ಅವರು ಹಗ್ಗವಿಲ್ಲದೆ ಕೋಟೆ ಗೋಡೆ ಏರುವುದನ್ನು ನೋಡಿದರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. ಆದರೆ ಅವರ ಹೆಸರು ಹೇಳಿಕೊಂಡು ಬೋಲ್ಟ್ ಹಾಕಿದ ರೂಟ್ (ಬಂಡೆ ಹತ್ತುವ ದಾರಿ) ಸುಲಭ ಅನ್ನಬೇಡಿ. ಬೋಲ್ಟ್ ಯಾರನ್ನೂ ಮೇಲೆ ಎತ್ತುವುದಿಲ್ಲ. ಬಿದ್ದಾಗ ಹಿಡಿಯುತ್ತದೆ, ಅಷ್ಟೆ.

ಹೊಸಬರಿಗೆ ಹೇಳುತ್ತೇನೆ. ಬಂಡೆಗೆ ತೂತು ಕೊರೆದು ಸ್ಟೀಲ್ ಬೋಲ್ಟ್ ಕೂರಿಸಿರುತ್ತಾರೆ. ನಾವು ಅದಕ್ಕೆ ಕ್ವಿಕ್‌ಡ್ರಾ (ಪಟ್ಟಿಯ ಎರಡು ತುದಿಗೂ ಕೊಂಡಿ ಇರುವ ಸಾಧನ) ಹಾಕಿ, ಅದರಲ್ಲಿ ಹಗ್ಗ ಸಿಗಿಸಿ ಮುಂದೆ ಹೋಗುತ್ತೇವೆ. ಹತ್ತುವುದು ಮಾತ್ರ ಬಂಡೆ ಹಿಡಿದೇ. ಬೋಲ್ಟ್ ಹಿಡಿದು ಎಳೆದುಕೊಂಡರೆ, ಹಗ್ಗಕ್ಕೆ ಜೋತು ಸುಧಾರಿಸಿಕೊಂಡರೆ, ಆ ಹತ್ತಿದ್ದು ಲೆಕ್ಕಕ್ಕೇ ಇಲ್ಲ. ಈ ನಿಯಮ ನನ್ನದಲ್ಲ. ಒಂದು ಕಾಲದಲ್ಲಿ ಬಂಡೆಗೆ ಬಡಿದ ಮೊಳೆಗಳನ್ನೇ ಹಿಡಿದು ಹತ್ತುತ್ತಿದ್ದರು. 1975ರಲ್ಲಿ ಜರ್ಮನಿಯ ಫ್ರಾಂಕೆನ್‌ಯೂರಾದಲ್ಲಿ ಕುರ್ಟ್ ಆಲ್ಬರ್ಟ್ ಅದನ್ನು ಬಿಟ್ಟರು. ಯಾವ ಮೊಳೆಯನ್ನೂ ಹಿಡಿಯದೆ ಹತ್ತಿದ ರೂಟ್‌ನ ಬುಡದಲ್ಲಿ ಕೆಂಪು ಚುಕ್ಕೆ ಇಟ್ಟರು. ಹೀಗೆ ಹತ್ತುವುದಕ್ಕೆ 'ರೆಡ್‌ಪಾಯಿಂಟ್' ಅನ್ನುವ ಮಾತು ಬಂದದ್ದು ಆ ಚುಕ್ಕೆಯಿಂದ. ಅಂದರೆ ಈ ಆಟ ಶುರುವಾದದ್ದೇ ಕಬ್ಬಿಣ ಹಿಡಿಯುವುದಿಲ್ಲ ಅನ್ನುವ ಹಟದಿಂದ!

ಈಗ ನಮ್ಮ ರೂಟ್‌ಗೆ ಬರೋಣ. ಬಾದಾಮಿಯ ಕೆಂಪು ಮರಳುಗಲ್ಲು. ಮೊದಲು ನೆಟ್ಟಗೆ ಗೋಡೆ, ಆಮೇಲೆ ಬಂಡೆ ತಲೆಯ ಮೇಲೆ ಸಜ್ಜಾ ತರಹ ಹೊರಗೆ ಚಾಚುತ್ತದೆ. ಸುಮಾರು ಎರಡು ಮಾರು ಚಾವಣಿ. ಅದರ ಅಡಿಯಲ್ಲಿ ಹಲ್ಲಿಯ ಹಾಗೆ ಹೋಗಬೇಕು. ಎಡಗೈಯ ಮೂರು ಬೆರಳು ಒಂದು ಪದರದ ಅಂಚಿನಲ್ಲಿ. ಬಲ ಹಿಮ್ಮಡಿ ಕಿವಿಯ ಮಟ್ಟಕ್ಕೆ ಎತ್ತಿ ಇನ್ನೊಂದು ಅಂಚಿಗೆ ಸಿಗಿಸಿರುತ್ತೇನೆ. ಹೊಟ್ಟೆ ಒಂದು ಕ್ಷಣ ಸಡಿಲ ಬಿಟ್ಟರೆ ಕಾಲು ಕಿತ್ತು ಬರುತ್ತದೆ. ಆ ಸ್ಥಿತಿಯಲ್ಲೇ ಬಲಗೈಯಲ್ಲಿ ಹಗ್ಗ ಎಳೆದು, ಹಲ್ಲಲ್ಲಿ ಕಚ್ಚಿ, ಮತ್ತೆ ಎಳೆದು ಸಿಗಿಸಬೇಕು. ಮುಂಗೈ ಕಲ್ಲಾಗಿರುತ್ತದೆ. ನೀವು ಹೇಳಿದ ಆ ಬೋಲ್ಟ್ ಆಗ ನನಗೆ ಸಹಾಯ ಮಾಡುತ್ತಿಲ್ಲ ಸ್ವಾಮಿ, ನನ್ನಿಂದಲೇ ಕೆಲಸ ಮಾಡಿಸುತ್ತಿದೆ.

ಹದಿನಾರು ಸಲ ಬಿದ್ದೆ. ಚಾವಣಿಯಲ್ಲಿ ಬಿದ್ದರೆ ಗಾಳಿಯಲ್ಲಿ ನೇತಾಡುತ್ತೀರಿ. ಕೈ ಚಾಚಿದರೂ ಬಂಡೆ ಸಿಗುವುದಿಲ್ಲ. ವಾಪಸ್ ಹೋಗಬೇಕೆಂದರೆ ಹಗ್ಗವನ್ನೇ ಎಳೆದುಕೊಂಡು ಮೇಲೆ ಹೋಗಬೇಕು. ನಾನು ಕೈಬಿಟ್ಟ ಜಾಗಕ್ಕೂ ಬೋಲ್ಟ್ ನನ್ನನ್ನು ವಾಪಸ್ ಕರೆದುಕೊಂಡು ಹೋಗಲಿಲ್ಲ! (ಅಷ್ಟರಲ್ಲಿ ಕೆಳಗೆ ಕೋತಿಗಳು ನಮ್ಮ ಬಾಳೆಹಣ್ಣಿನ ಚೀಲ ಖಾಲಿ ಮಾಡಿದ್ದವು. ಆ ತುಣುಕು ಚಾನೆಲ್‌ನಲ್ಲಿದೆ, ನೋಡಿ, ಹಾಗೇ ಸಬ್‌ಸ್ಕ್ರೈಬ್ ಮಾಡಿ.)

"ಹಗ್ಗ ಇದ್ದರೆ ಭಯ ಎಲ್ಲಿಂದ?" ಅಂತ ಇನ್ನೊಬ್ಬರು. ಸರ್ಕಸ್‌ನಲ್ಲಿ ಕೆಳಗೆ ಬಲೆ ಕಟ್ಟಿರುತ್ತಾರೆ. ಪಲ್ಟಿ ಹೊಡೆಯುವುದು ಬಲೆಯಾ? ಬ್ಯಾಟ್ಸ್‌ಮನ್ ಸಿಕ್ಸರ್ ಹೊಡೆದರೆ ಹೆಲ್ಮೆಟ್ ಹೊಡೆಯಿತು ಅನ್ನುತ್ತೀರಾ? ಗುಹಾಲಯಗಳ ಹತ್ತಿರ ಬೋಲ್ಟ್ ಹೊಡೆಯಬಾರದು ಅಂತ ಬರೆದವರ ಮಾತು ನೂರಕ್ಕೆ ನೂರು ಸರಿ. ಅದು ಬೇರೆ ವಿಷಯ.

ನಾರ್ವೆಯ ಫ್ಲಾಟಾಂಗರ್‌ನಲ್ಲಿ ಒಂದು ಗುಹೆ ಇದೆ. ಅಲ್ಲಿನ 'ಸೈಲೆನ್ಸ್' ರೂಟ್‌ಗೆ ಬೋಲ್ಟ್ ಹಾಕಿ ವರ್ಷಗಳೇ ಆಗಿದ್ದವು. ಆದರೂ ಜೆಕ್ ಕ್ಲೈಂಬರ್ ಆಡಮ್ ಓಂಡ್ರಾ ಅದನ್ನು ಮುಗಿಸಿದ್ದು 2017ರ ಸೆಪ್ಟೆಂಬರ್‌ನಲ್ಲಿ. ರೂಟ್ ಎಷ್ಟು ಕಷ್ಟ ಅಂತ ಅಳೆಯುವ ಲೆಕ್ಕದಲ್ಲಿ ಜಗತ್ತಿನ ಮೊದಲ 9ಸಿ. ತಲೆಕೆಳಗಾಗಿ ಮೊಣಕಾಲು ಸಿಗಿಸಿ ನಿಲ್ಲುವ ಜಾಗಗಳಿಗಾಗಿ ಮೀನಖಂಡಕ್ಕೇ ಪ್ರತ್ಯೇಕ ವ್ಯಾಯಾಮ ಮಾಡಿದ್ದರು. ಬೋಲ್ಟ್ ಹತ್ತಿಸುವಂತಿದ್ದರೆ ಅಷ್ಟು ಯಾಕೆ ಬೇಕಿತ್ತು? ಹೇಳಿ! ಯಾಕೆ ಬೇಕಿತ್ತು?

ಬೋಲ್ಟ್ ಎತ್ತುವುದಿಲ್ಲ. ಎತ್ತುವುದೇ ಇಲ್ಲ. ಇನ್ನೆಷ್ಟು ಸಲ ಹೇಳಲಿ?

ಡಿಸೆಂಬರ್‌ನಲ್ಲಿ ಮತ್ತೆ ಹೋಗುತ್ತಿದ್ದೇನೆ. ಆ ಕಾಮೆಂಟ್ ಹಾಕಿದವರೇ, ನೀವೂ ಬನ್ನಿ. ಶೂ, ಹಾರ್ನೆಸ್ (ಹಗ್ಗ ಕಟ್ಟುವ ಸೊಂಟಪಟ್ಟಿ), ಕೈಗೆ ಹಚ್ಚುವ ಚಾಕ್ ಪುಡಿ ಎಲ್ಲಾ ನನ್ನದು. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ನನ್ನ ಲೆಕ್ಕ. ಕೆಳಗೆ ನಾನೇ ಹಗ್ಗ ಹಿಡಿಯುತ್ತೇನೆ, ಬೀಳಲು ಬಿಡುವುದಿಲ್ಲ. ಎಂಟು ಬೋಲ್ಟ್ ಇವೆ. ಒಂದನ್ನೂ ಹಿಡಿಯದೆ ಆ ಸಜ್ಜಾ ದಾಟಿ ತೋರಿಸಿ.