ಮುಳುಗಬಲ್ಲ ದೋಣಿಗಳು

ಕೇಳುಗರಿಗೆ ನಮಸ್ಕಾರ.

ಸಬ್‌ಮರೀನ್ ಅಂದ ಕೂಡಲೇ ನಿಮ್ಮ ಕಣ್ಣಮುಂದೆ ಏನು ಬರುತ್ತದೆ ಅಂತ ನನಗೆ ಗೊತ್ತು. ತಿಂಗಳುಗಟ್ಟಲೆ ಸಮುದ್ರದೊಳಗೇ ಓಡಾಡಿಕೊಂಡಿರುವ ದೊಡ್ಡ ಉಕ್ಕಿನ ಹಡಗು. ಸಿನಿಮಾದವರು ನಮಗೆಲ್ಲ ಅದನ್ನೇ ತೋರಿಸಿದ್ದಾರೆ. ಇವತ್ತು ಆ ಚಿತ್ರವನ್ನು ದಯವಿಟ್ಟು ಸ್ವಲ್ಪ ಬದಿಗಿಡಿ. ನಾನು ಹೇಳಹೊರಟಿರುವುದು ನೂರಿಪ್ಪತ್ತು ವರ್ಷಗಳ ಹಿಂದೆ ಬ್ರಿಟಿಷ್ ನೌಕಾಪಡೆ ಕಟ್ಟಿಸಿದ ಮೊದಲ ಸಬ್‌ಮರೀನ್‌ಗಳ ಕಥೆ. ಅವು ನೀರೊಳಗೆ ಬದುಕುವ ಹಡಗುಗಳಲ್ಲ. ನೀರಿನ ಮೇಲೆ ಓಡುವ ದೋಣಿಗಳು, ಬೇಕಾದಾಗ ಸ್ವಲ್ಪ ಹೊತ್ತು ಮುಳುಗಬಲ್ಲವು, ಅಷ್ಟೇ. ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು, ಮಿಕ್ಕಿದ್ದು ತಾನಾಗಿಯೇ ಅರ್ಥವಾಗುತ್ತದೆ.

ಯಾಕೆ ಸ್ವಲ್ಪ ಹೊತ್ತು ಮಾತ್ರ? ಎಂಜಿನ್‌ಗೆ ಗಾಳಿ ಬೇಕು. ಗಾಳಿಯಿಲ್ಲದೆ ಪೆಟ್ರೋಲ್ ಉರಿಯುವುದಿಲ್ಲ. ಮುಳುಗಿದ ಮೇಲೆ ಗಾಳಿ ಎಲ್ಲಿಂದ ತರುವುದು? ಆದ್ದರಿಂದ ಒಳಗೆ ಬ್ಯಾಟರಿ ಇಟ್ಟರು. ನಿಮ್ಮ ಮನೆಯಲ್ಲಿ ಯುಪಿಎಸ್ ಇದೆ, ಅಲ್ವಾ? ಕರೆಂಟ್ ಇದ್ದಾಗ ಚಾರ್ಜ್ ಆಗುತ್ತದೆ, ಹೋದಾಗ ನಾಲ್ಕು ದೀಪ, ಎರಡು ಫ್ಯಾನು ನಡೆಸುತ್ತದೆ. ಇಲ್ಲೂ ಹಾಗೆಯೇ. ನೀರಿನ ಮೇಲಿದ್ದಾಗ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಬೇಕು. ಮುಳುಗಿದಾಗ ಆ ಬ್ಯಾಟರಿಯಿಂದ ಮೋಟರ್ ತಿರುಗಿಸಬೇಕು. ಬ್ಯಾಟರಿ ಮುಗಿಯಿತೋ, ಮೇಲೆ ಬರಲೇಬೇಕು. ಮೇಲೆ ಶತ್ರು ಕಾಯುತ್ತಿದ್ದರೂ ಬರಬೇಕು.

ಬ್ರಿಟಿಷರ ಮೊದಲ ಸಬ್‌ಮರೀನ್ ಹಾಲೆಂಡ್ 1. ಬ್ಯಾರೋ ಊರಿನ ವಿಕರ್ಸ್ ಕಾರ್ಖಾನೆಯಲ್ಲಿ 1901ರ ಅಕ್ಟೋಬರ್‌ನಲ್ಲಿ ನೀರಿಗಿಳಿಯಿತು. ಉದ್ದ 20 ಮೀಟರ್‌ಗಿಂತ ಸ್ವಲ್ಪ ಕಡಿಮೆ. ಎಂಟು ಜನ ಸಿಬ್ಬಂದಿ, ಟಾರ್ಪೆಡೊ, ಅಂದರೆ ನೀರೊಳಗೆ ತಾನೇ ಓಡಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ, ಅದನ್ನು ಬಿಡಲು ಒಂದೇ ಒಂದು ಕೊಳವೆ, ಒಂದು ಪೆಟ್ರೋಲ್ ಎಂಜಿನ್. ವಿನ್ಯಾಸ ಮಾಡಿದವರು ಜಾನ್ ಹಾಲೆಂಡ್, ಐರ್ಲೆಂಡಿನವರು, ಮೇಷ್ಟ್ರಾಗಿದ್ದವರು. ತಮಾಷೆ ನೋಡಿ. ಅಮೆರಿಕಕ್ಕೆ ಹೋದ ಈ ಮೇಷ್ಟ್ರಿಗೆ ಮೊದಮೊದಲು ದುಡ್ಡು ಕೊಟ್ಟವರು ಐರಿಶ್ ಕ್ರಾಂತಿಕಾರರು. ಬ್ರಿಟಿಷ್ ಹಡಗುಗಳನ್ನು ಮುಳುಗಿಸುವುದೇ ಅವರ ಉದ್ದೇಶ. ಕೊನೆಗೆ ಅದೇ ಮೇಷ್ಟ್ರ ನಕ್ಷೆಯನ್ನು ಬ್ರಿಟಿಷರೇ ತೆಗೆದುಕೊಂಡರು!

ಪೆಟ್ರೋಲ್ ಎಂಜಿನ್ ಅಂದೆ. ಅದು ಇರುವ ಕೋಣೆಯಲ್ಲೇ ಮನುಷ್ಯರೂ ಇರಬೇಕು, ನಡುವೆ ಗೋಡೆಯಿಲ್ಲ. ಎಂಜಿನ್ ಉಗುಳಿದ ಹೊಗೆ ಎಲ್ಲಾದರೂ ಸೋರಿದರೆ ಗೊತ್ತಾಗಲಿ ಅಂತ ಬಿಳಿ ಇಲಿಗಳನ್ನು ಸಾಕಿಕೊಂಡಿರುತ್ತಿದ್ದರು. 1905ರಲ್ಲಿ ಐರ್ಲೆಂಡಿನ ಕ್ವೀನ್ಸ್‌ಟೌನ್ ಬಂದರಿನಲ್ಲಿ ಎ5 ಅನ್ನುವ ಸಬ್‌ಮರೀನ್ ಒಳಗೆ ಪೆಟ್ರೋಲ್ ಆವಿಗೆ ಕಿಡಿ ತಗುಲಿ ಸ್ಫೋಟವಾಯಿತು. ಆರು ಜನ ಸತ್ತರು. ಅದು ಮುಳುಗಿರಲೂ ಇಲ್ಲ, ಬಂದರಿನಲ್ಲಿತ್ತು. 1908ರಲ್ಲಿ ನೀರಿಗಿಳಿದ ಡಿ1ರಿಂದ ಶುರುವಾದ ಡಿ ವರ್ಗದ ಸಬ್‌ಮರೀನ್‌ಗಳಿಗೆ ಡೀಸೆಲ್ ಎಂಜಿನ್ ಹಾಕಿದರು. ಡೀಸೆಲ್ ಪೆಟ್ರೋಲಿನಂತೆ ಸುಲಭವಾಗಿ ಆವಿಯಾಗುವುದಿಲ್ಲ. ಹುಡುಗರು ಜೀವ ಉಳಿಸಿಕೊಂಡರು.

ಈಗ ನನಗೆ ತುಂಬಾ ಇಷ್ಟವಾದ ಕಥೆಗೆ ಬರುತ್ತೇನೆ. 1914ರ ಡಿಸೆಂಬರ್ 13. ಮೊದಲ ಮಹಾಯುದ್ಧ, ಟರ್ಕಿ ಜರ್ಮನಿಯ ಕಡೆ. ಟರ್ಕಿಯ ಡಾರ್ಡನೆಲ್ಸ್ ಜಲಸಂಧಿ. ಬಿ11 ಅನ್ನುವ ಹಳೆಯ ಸಬ್‌ಮರೀನ್. ಆಗಿನ ಲೆಕ್ಕದಲ್ಲೇ ಹಳತು, ಡೀಸೆಲ್ ಕೂಡ ಅಲ್ಲ, ಪೆಟ್ರೋಲ್. ಅದರ ಕ್ಯಾಪ್ಟನ್ ನಾರ್ಮನ್ ಹಾಲ್‌ಬ್ರೂಕ್, ವಯಸ್ಸು 26. ಜಲಸಂಧಿಯ ತುಂಬ ಟರ್ಕಿಯವರು ಮೈನ್, ಅಂದರೆ ಹಡಗು ತಗುಲಿದರೆ ಸಿಡಿಯುವ ನೀರಿನ ಬಾಂಬು, ಹಾಕಿದ್ದರು, ಐದು ಸಾಲು. ಅವುಗಳ ಕೆಳಗಿನಿಂದ ನುಸುಳಿ ಹೋಗಬೇಕು. ಎದುರಿಗೆ ಸೆಳೆತ ಬೇರೆ. ಮಾರ್ಮರ ಸಮುದ್ರದ ನೀರು ಈ ಕಡೆಗೇ ಹರಿಯುತ್ತದೆ. ಸೆಳೆತಕ್ಕೆ ಎದುರಾಗಿ ಹೋದರೆ ಏನಾಗುತ್ತದೆ ಹೇಳಿ? ಬ್ಯಾಟರಿ ಕರಗುತ್ತದೆ. ನಾನು ಹೇಳಿದ್ದು ಅದನ್ನೇ! ಜೋರಾಗಿ ಹೋದರೆ ಬೇಗ ಮುಗಿಯುತ್ತದೆ, ನಿಧಾನ ಹೋದರೆ ಸೆಳೆತ ಹಿಂದಕ್ಕೆ ತಳ್ಳುತ್ತದೆ. ಗಂಟೆಗಟ್ಟಲೆ ತೆವಳಿಕೊಂಡು ಹೋದರು.

ಐದೂ ಸಾಲು ದಾಟಿದ ಮೇಲೆ ಪೆರಿಸ್ಕೋಪ್, ಅಂದರೆ ನೀರೊಳಗಿಂದಲೇ ಮೇಲೆ ನೋಡುವ ಕೊಳವೆ, ಎತ್ತಿ ನೋಡಿದರೆ ಎದುರಿಗೇ ಮೆಸೂದಿಯೆ, ಟರ್ಕಿಯ ಯುದ್ಧನೌಕೆ, ಲಂಗರು ಹಾಕಿ ನಿಂತಿದೆ. ಇನ್ನೊಂದು ತಮಾಷೆ: ಆ ಹಡಗು ಹುಟ್ಟಿದ್ದು ಲಂಡನ್ನಿನ ಥೇಮ್ಸ್ ದಡದಲ್ಲೇ. ಹಾಲ್‌ಬ್ರೂಕ್ ಟಾರ್ಪೆಡೊ ಬಿಟ್ಟರು. ಹಡಗು ಸ್ವಲ್ಪ ಹೊತ್ತಿನಲ್ಲೇ ಮಗುಚಿಕೊಂಡಿತು.

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಸಿಬಿಡುತ್ತಿದ್ದರು. ನಿಜವಾದ ಕಷ್ಟ ಶುರುವಾಗಿದ್ದೇ ಇಲ್ಲಿಂದ. ವಾಪಸ್ ಹೋಗಬೇಕಲ್ಲ? ದಿಕ್ಸೂಚಿಯ ಗಾಜಿಗೆ ಮಂಜು ಕಟ್ಟಿತ್ತು, ಏನೂ ಕಾಣದು. ಸಬ್‌ಮರೀನ್ ಹೋಗಿ ತಳಕ್ಕೆ ತಗುಲಿತು. ಅಲ್ಲಿ ನೀರು ಎಷ್ಟು ಕಡಿಮೆ ಅಂದರೆ ಅದರ ತಲೆ ಹೊರಗೆ ಕಾಣುತ್ತಿತ್ತು. ದಡದಿಂದ ಫಿರಂಗಿಗಳು ಗುಂಡು ಹಾರಿಸುತ್ತಿವೆ. ಹಾಲ್‌ಬ್ರೂಕ್ ಬ್ಯಾಟರಿಯಲ್ಲಿದ್ದ ಶಕ್ತಿಯನ್ನೆಲ್ಲ ಮೋಟರ್‌ಗೆ ಹರಿಸಿ, ತಳಕ್ಕೆ ಬಡಿಯುತ್ತ, ಪೆರಿಸ್ಕೋಪಿನಲ್ಲಿ ದಡ ನೋಡಿಕೊಂಡು ಆಳದ ನೀರಿಗೆ ಬಂದರು. ಮತ್ತೆ ಅದೇ ಐದು ಸಾಲು ಮೈನ್‌ಗಳ ಕೆಳಗೆ. ಒಟ್ಟು ಸುಮಾರು ಒಂಬತ್ತು ಗಂಟೆ ನೀರೊಳಗಿದ್ದರು. ಆ ಪುಟ್ಟ ಡಬ್ಬಿಯಲ್ಲಿ, ಉಸಿರಾಡಿದ ಗಾಳಿಯನ್ನೇ ಮತ್ತೆ ಉಸಿರಾಡುತ್ತ! ಹಾಲ್‌ಬ್ರೂಕ್‌ಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಸಬ್‌ಮರೀನ್‌ನವರಿಗೆ ಸಿಕ್ಕಿದ ಮೊದಲನೆಯದು. ಸಿಬ್ಬಂದಿಗೆಲ್ಲ ಪದಕ. ಆಸ್ಟ್ರೇಲಿಯಾದಲ್ಲಿ ಜರ್ಮಂಟನ್ ಅಂತ ಒಂದು ಊರಿತ್ತು. ಯುದ್ಧ ಜರ್ಮನಿಯ ಮೇಲೆ ತಾನೆ, 1915ರಲ್ಲಿ ಊರಿಗೆ ಹಾಲ್‌ಬ್ರೂಕ್ ಅಂತ ಹೆಸರಿಟ್ಟರು. ಸಮುದ್ರದಿಂದ ಬಹಳ ದೂರದ ಊರು ಅದು.

ಗಾಜಿನಾಚೆ ನಿಲಯದವರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನೊಂದನ್ನು ಹೇಳದೆ ಬಿಡಲಾರೆ.

ನಾನು ಹೇಳಿದ ಮಾತಿನಲ್ಲಿ ‘ಮುಳುಗಬಲ್ಲವು’ ಅನ್ನುವುದನ್ನು ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ಕೆ ವರ್ಗದ ಸಬ್‌ಮರೀನ್‌ಗಳನ್ನು ನೋಡಿ. ದೊಡ್ಡ ಯುದ್ಧನೌಕೆಗಳ ಜೊತೆ ಓಡಬೇಕು, 24 ನಾಟ್, ಅಂದರೆ ಗಂಟೆಗೆ ಸುಮಾರು 44 ಕಿಲೋಮೀಟರ್ ವೇಗ ಬೇಕು ಅಂದರು ಅಧಿಕಾರಿಗಳು. ಆಗಿನ ಡೀಸೆಲ್‌ಗೆ ಅಷ್ಟು ಶಕ್ತಿಯಿಲ್ಲ. ಅದಕ್ಕೆ ಉಗಿ ಯಂತ್ರ ಹಾಕಿದರು! ಬಾಯ್ಲರ್, ಹೊಗೆಕೊಳವೆ, ಗಾಳಿ ಒಳಗೆ ಬರಲು ದೊಡ್ಡ ದೊಡ್ಡ ಕಿಂಡಿ. ಮುಳುಗುವ ಮುಂಚೆ ಅವನ್ನೆಲ್ಲ ಮುಚ್ಚಬೇಕು. ಮುಳುಗಬೇಕಾದ ದೋಣಿಗೆ ಯಾರಾದರೂ ಅಷ್ಟು ತೂತು ಇಡುತ್ತಾರೆಯೇ? 1917ರ ಜನವರಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಕೆ13 ಪರೀಕ್ಷೆಗೆ ಮುಳುಗಿತು. ಬಾಯ್ಲರ್ ಕೋಣೆಯ ಗಾಳಿಕಿಂಡಿಗಳು ತೆರೆದೇ ಇದ್ದವು. 32 ಜನ ಸತ್ತರು. ಅದನ್ನು ಮೇಲೆತ್ತಿ, ರಿಪೇರಿ ಮಾಡಿ, ಕೆ22 ಅಂತ ಹೊಸ ನಂಬರ್ ಕೊಟ್ಟು ಮತ್ತೆ ಕೆಲಸಕ್ಕೆ ಹಚ್ಚಿದರು. ಉಗಿ ಯಂತ್ರವನ್ನೇನೂ ತೆಗೆಯಲಿಲ್ಲ.

ಇ ವರ್ಗದ ಬಗ್ಗೆ ಹೇಳಲು ಸಮಯವೇ ಉಳಿಯಲಿಲ್ಲ. ಅವೇ ಎಲ್ಲಕ್ಕಿಂತ ಚೆನ್ನಾಗಿದ್ದವು. ನಮಸ್ಕಾರ.