ಕಡಿದ ಮರ ಯಾವ ಲೆಕ್ಕಕ್ಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮೂರಲ್ಲಿ ಒಬ್ಬರು ಹಿತ್ತಲಿನ ಹುಣಸೆಮರ ಮಾರಿದರು. ಇಬ್ಬರು ಕೈ ಚಾಚಿದರೂ ತಬ್ಬಲಾಗದಷ್ಟು ದೊಡ್ಡ ಮರ. ಇಟ್ಟಿಗೆ ಗೂಡಿನವರು ಬಂದು ಕಡಿದುಕೊಂಡು ಹೋದರು. ಆ ವರ್ಷ ಅವರ ಕೈಯಲ್ಲಿ ದುಡ್ಡು ಓಡಾಡಿತು. ಮರುವರ್ಷ ಸಾರಿಗೆ ಹುಣಸೆಹಣ್ಣನ್ನು ಅಂಗಡಿಯಿಂದ ತಂದರು. ಬಂದ ದುಡ್ಡನ್ನು ಬರೆದಿಟ್ಟಿದ್ದರು. ಹೋದ ಮರವನ್ನು ಎಲ್ಲೂ ಬರೆದಿರಲಿಲ್ಲ.

ದೇಶಗಳೂ ಹೀಗೇ ಲೆಕ್ಕ ಬರೆಯುತ್ತವೆ. ಕಾಡು ಕಡಿದು ನಾಟಾ ಮಾರಿದರೆ ಜಿಡಿಪಿ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನ, ಏರುತ್ತದೆ. ಕಾರ್ಖಾನೆಯ ಯಂತ್ರ ಸವೆದರೆ ಸವಕಳಿ ಅಂತ ಕಳೆಯುವ ಪದ್ಧತಿ ಇದೆ. ಕಾಡು ಸವೆದರೆ? ಅದನ್ನೂ ಕಳೆದು ನೋಡೋಣ ಅಂತ ಹೊರಟವರು ರಾಬರ್ಟ್ ರೆಪೆಟ್ಟೊ ಎಂಬ ಅರ್ಥಶಾಸ್ತ್ರಜ್ಞರು ಮತ್ತು ಅವರ ಜೊತೆಯವರು. ಅವರು ಮೊದಲು ಇಂಡೋನೇಷ್ಯಾದ, ಆಮೇಲೆ ಕೋಸ್ಟರಿಕಾದ ಲೆಕ್ಕ ತೆಗೆದರು.

ಇಂಡೋನೇಷ್ಯಾದ ವರದಿ ಬಂದದ್ದು 1989ರಲ್ಲಿ. 1971ರಿಂದ 1984ರವರೆಗೆ ಆ ದೇಶ ವರ್ಷಕ್ಕೆ ಶೇ. 7.1ರಂತೆ ಬೆಳೆದಿದೆ ಅಂತ ಸರ್ಕಾರದ ಲೆಕ್ಕ ಹೇಳುತ್ತಿತ್ತು. ಕರಗಿದ ಕಾಡು, ತೆಗೆದ ತೈಲ, ಕೊಚ್ಚಿಹೋದ ಮಣ್ಣು, ಮೂರನ್ನೂ ಕಳೆದಾಗ ಉಳಿದದ್ದು ಶೇ. 4.

ಕೋಸ್ಟರಿಕಾ ಮಧ್ಯ ಅಮೆರಿಕದ ಪುಟ್ಟ ದೇಶ, ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಜಾಸ್ತಿ ಅಷ್ಟೇ. ಅಲ್ಲಿ 1970ರಿಂದ ಇಪ್ಪತ್ತು ವರ್ಷಗಳಲ್ಲಿ ಕಳೆದುಕೊಂಡ ಕಾಡು, ಮಣ್ಣು, ಮೀನಿನ ಬೆಲೆ ಇಡೀ ದೇಶದ ಒಂದು ವರ್ಷದ ಉತ್ಪನ್ನವನ್ನೇ ಮೀರಿತ್ತು. ದೊಡ್ಡ ಪಾಲು ಕಾಡಿನದು. ನನಗೆ ಹೊಟ್ಟೆ ಉರಿಯುವುದು ಇಲ್ಲಿ: ಎಷ್ಟೋ ಮರಗಳನ್ನು ಅವರು ಮಾರಲೂ ಇಲ್ಲ. ದನ ಮೇಯಿಸಲು ಹುಲ್ಲುಗಾವಲು ಬೇಕಿತ್ತು, ಅದಕ್ಕೆ ಸಾಲವೂ ಸಿಗುತ್ತಿತ್ತು. ಕಡಿದು ಬೀಳಿಸಿ, ಬಿದ್ದಲ್ಲೇ ಬೆಂಕಿ ಇಟ್ಟರು.

ಆಮೇಲೆ ಎರಡು ದೇಶಗಳ ದಾರಿ ಬೇರೆಯಾಯಿತು.

ಕೋಸ್ಟರಿಕಾ 1996ರಲ್ಲಿ ಅರಣ್ಯ ಕಾನೂನು ತಂದಿತು. ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯ ಒಂದು ಪಾಲು ತೆಗೆದು, ಕಾಡು ಉಳಿಸಿಕೊಂಡ ಜಮೀನುದಾರರಿಗೆ ಹೆಕ್ಟೇರಿಗೆ ಇಷ್ಟು ಅಂತ ವರ್ಷವರ್ಷ ಕೊಡತೊಡಗಿತು. ನೀರು ಹಿಡಿದಿಟ್ಟಿದ್ದಕ್ಕೆ, ಇಂಗಾಲ ಹೀರಿದ್ದಕ್ಕೆ, ಜೀವಿಗಳಿಗೆ ನೆಲೆ ಕೊಟ್ಟಿದ್ದಕ್ಕೆ, ಕಣ್ಣಿಗೆ ಚೆಂದ ಕಂಡದ್ದಕ್ಕೂ! ಇದೊಂದರಿಂದಲೇ ಎಲ್ಲ ಆಯಿತು ಅನ್ನಲಾರೆ, ಅಷ್ಟರಲ್ಲಿ ದನದ ಮಾಂಸದ ಬೆಲೆಯೂ ಬಿದ್ದಿತ್ತು. ಆದರೆ ಒಂದು ಕಾಲಕ್ಕೆ ಕಾಲು ಭಾಗದ ಹತ್ತಿರಕ್ಕೆ ಇಳಿದಿದ್ದ ಕಾಡು ಇವತ್ತು ನೆಲದ ಅರ್ಧಕ್ಕಿಂತ ಜಾಸ್ತಿ ಇದೆ.

ಇಂಡೋನೇಷ್ಯಾದ ನಷ್ಟ ಮಾತ್ರ ಬೆಳೆಯುತ್ತಲೇ ಹೋಯಿತು. ಅಲ್ಲಿನ ಸುಮಾತ್ರಾ ದ್ವೀಪ, ಬೋರ್ನಿಯೊ ದ್ವೀಪದ ಕಾಲಿಮಂತಾನ್‌ಗಳಲ್ಲಿ ಒಂದು ಥರದ ಜೌಗು ನೆಲ ಇದೆ. ಸಾವಿರಾರು ವರ್ಷ ನೀರಲ್ಲೇ ನೆನೆದು, ಪೂರ್ತಿ ಕೊಳೆಯದೆ ಕೂತ ಎಲೆ, ಬೇರು, ಕಟ್ಟಿಗೆಯ ರಾಶಿ ಅದು. ಎಣ್ಣೆತಾಳೆಯಂಥ ಬೆಳೆ ಬೆಳೆಯಲು ಕಾಲುವೆ ತೋಡಿ ಅದರ ನೀರು ಬಸಿದರು. ಒಣಗಿದ ಮೇಲೆ ನೆಲವೇ ಸೌದೆ ಅಲ್ವಾ? ಬೆಂಕಿ ಬಿದ್ದರೆ ಒಳಗೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ. 2015ರಲ್ಲಿ ಕಾಲಿಮಂತಾನ್‌ನ ಪಾಲಂಕರಾಯ ಪಟ್ಟಣದಲ್ಲಿ ಹಗಲೇ ಆಕಾಶ ಹಳದಿಯಾಗಿತ್ತು, ಶಾಲೆಗಳು ಮುಚ್ಚಿದ್ದವು. ಆ ವರ್ಷ ದೇಶದಲ್ಲಿ ಒಟ್ಟು ಸುಟ್ಟದ್ದು ಸುಮಾರು 26 ಲಕ್ಷ ಹೆಕ್ಟೇರ್. ವಿಶ್ವ ಬ್ಯಾಂಕ್ ಕಟ್ಟಿದ ನಷ್ಟ 1,610 ಕೋಟಿ ಡಾಲರ್. 2004ರ ಸುನಾಮಿಯ ನಂತರ ಅದೇ ದೇಶದ ಅಚೇ ಎಂಬ ಪ್ರಾಂತ್ಯವನ್ನು ಮತ್ತೆ ಕಟ್ಟಲು ತಗುಲಿದ್ದರ ಎರಡು ಪಟ್ಟಿಗೂ ಹೆಚ್ಚು!

ಆ ತಾಳೆ ಎಣ್ಣೆಯನ್ನು ಕೊಳ್ಳುವವರಲ್ಲಿ ನಾವೂ ಇದ್ದೇವೆ. ಭಾರತಕ್ಕೆ ಬರುವ ತಾಳೆ ಎಣ್ಣೆಯ ದೊಡ್ಡ ಪಾಲು ಅಲ್ಲಿಯದೇ. ಬೇಕರಿ ಬಿಸ್ಕತ್ತಿನಲ್ಲಿ, ಬಜ್ಜಿ ಕರಿಯುವ ಬಾಣಲೆಯಲ್ಲಿ, ಕಿರಾಣಿ ಅಂಗಡಿಯ ಅಗ್ಗದ ಪ್ಯಾಕೆಟ್ಟಿನಲ್ಲಿ ಅದಿದೆ. ಪ್ಯಾಕೆಟ್ಟಿನ ಮೇಲೆ ಅಚ್ಚಾದ ಬೆಲೆಯಲ್ಲಿ ಆ ಹೊಗೆಯ ಖರ್ಚು ಸೇರಿಲ್ಲ. ಅದನ್ನು ತೆತ್ತವರು ಪಾಲಂಕರಾಯದಲ್ಲಿ ಕೆಮ್ಮುತ್ತಿದ್ದ ಮಕ್ಕಳು.

2016ರಲ್ಲಿ ಇಂಡೋನೇಷ್ಯಾ ಸರ್ಕಾರ ಈ ಜೌಗು ನೆಲಕ್ಕಾಗಿಯೇ ಒಂದು ಸಂಸ್ಥೆ ತೆರೆಯಿತು. ಹಿಂದೆ ನೀರು ಬಸಿಯಲು ತೋಡಿದ ಅದೇ ಕಾಲುವೆಗಳಿಗೆ ಅಡ್ಡಗಟ್ಟೆ ಹಾಕಿ, ನೆಲವನ್ನು ಮತ್ತೆ ನೆನೆಸತೊಡಗಿದರು.

ನಮಸ್ಕಾರ.