ಅಸಲಿ ಯಾವುದು, ಮರು ಎರಕ ಯಾವುದು: ತೂಕ ಬಿಡಿ, ಅಳತೆ ಹಿಡಿಯಿರಿ

ಹಳೇ ಸೀಸದ ಮಿನಿಯೇಚರ್, ಅಂದರೆ ಆಟಕ್ಕೂ ಸಂಗ್ರಹಕ್ಕೂ ಇಡುವ ಇಂಚುದ್ದದ ಯೋಧನ ಗೊಂಬೆ, ಕೈಗೆ ಬಂದ ಕೂಡಲೇ ಹೆಚ್ಚಿನವರು ಅದನ್ನು ಅಂಗೈಯಲ್ಲಿಟ್ಟು ತೂಗಿ, "ಭಾರ ಇದೆ, ಅಸಲಿನೇ" ಅಂದುಬಿಡುತ್ತಾರೆ. ಆ ಅಭ್ಯಾಸ ಬಿಡಿಸಬೇಕು ಅಂತಲೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ. ಸೀಸ ಯಾರಿಗೆ ಬೇಕಾದರೂ ಸಿಗುತ್ತದೆ. ಅಸಲಿಯಿಂದಲೇ ಅಚ್ಚೆತ್ತಿ ಮರು ಎರಕ ಹೊಯ್ದು ನಕಲು ಮಾಡುವವನು ಒಂದಿಷ್ಟು ಹೆಚ್ಚು ಸುರಿದರೆ ಅವನ ಗೊಂಬೆ ಅಸಲಿಗಿಂತಲೂ ಭಾರ ಬಂದೀತು. ಅವನಿಂದ ಆಗದ ಕೆಲಸ ಒಂದೇ: ಕುಗ್ಗಿದ್ದನ್ನು ಹಿಗ್ಗಿಸುವುದು.

ಯಾಕೆ ಕುಗ್ಗುತ್ತದೆ? ಈ ಗೊಂಬೆ ಮಾಡುವ ಕಂಪನಿ ಇಂಗ್ಲೆಂಡಿನ ಸಿಟಾಡೆಲ್ ಇರಲಿ, ಅಮೆರಿಕದ ಸಿನ್ಸಿನಾಟಿಯ ರಾಲ್ ಪಾರ್ಥಾ ಇರಲಿ, ಕ್ರಮ ಹೆಚ್ಚುಕಮ್ಮಿ ಒಂದೇ. ಶಿಲ್ಪಿ ಕೈಯಾರೆ ಮಾಡಿದ ಮೂಲದಿಂದ ಮೊದಲ ರಬ್ಬರ್ ಅಚ್ಚು, ಅದರಿಂದ ಒಂದಷ್ಟು ತಾಯಿ ಎರಕ, ಆ ತಾಯಿ ಎರಕಗಳಿಂದ ಮಾರಾಟದ ಅಚ್ಚು. ಅಚ್ಚು ಸವೆದರೆ ಅದೇ ತಾಯಿಯಿಂದ ಇನ್ನೊಂದು. ಹಾಗಾಗಿ ಅಂಗಡಿಗೆ ಬಂದ ಗೊಂಬೆಗಳೆಲ್ಲ ಒಡಹುಟ್ಟಿದವು. ನಕಲುಗಾರನ ಹತ್ತಿರ ತಾಯಿ ಇಲ್ಲ. ಅಂಗಡಿಯ ಗೊಂಬೆಯನ್ನೇ ಅಚ್ಚಿಗೆ ಒತ್ತುತ್ತಾನೆ, ಹೊರಬರುವುದು ಅದರ ಮಗು. ಲೋಹ ಆರುವಾಗ ಕುಗ್ಗುತ್ತದೆ; ಬೇಯಿಸಿದ ರಬ್ಬರೂ ಕುಗ್ಗುತ್ತದೆ. ಅಂಕಪಟ್ಟಿಯ ಜೆರಾಕ್ಸಿಗೆ ಮತ್ತೊಂದು ಜೆರಾಕ್ಸ್ ತೆಗೆದರೆ ಮೊದಲು ಅಳಿಸಿಹೋಗುವುದು ಸೀಲಿನ ಅಕ್ಷರ ಅಲ್ಲವೇ? ಇಲ್ಲಿ ಮೊದಲು ಹೋಗುವುದು ಕಣ್ಣಿನ ರೆಪ್ಪೆ, ಸರಪಳಿ ಕವಚದ ಬಳೆ, ಬೆಲ್ಟಿನ ಮೊಳೆ.

ನೂರಕ್ಕೆ ಎರಡು ಕುಗ್ಗಿತು ಅಂತಿಟ್ಟುಕೊಳ್ಳಿ. 30 ಮಿ.ಮೀ. ಗೊಂಬೆಯಲ್ಲಿ ಅದು 0.6 ಮಿ.ಮೀ. ಕಣ್ಣಿಗೆ ಕಾಣದು, ವರ್ನಿಯರ್ ಕ್ಯಾಲಿಪರ್‌ಗೆ ಸಲೀಸಾಗಿ ಸಿಗುತ್ತದೆ. ಆದರೆ ಎಲ್ಲಿ ಅಳೆಯುತ್ತೀರಿ ಅನ್ನುವುದು ಮುಖ್ಯ. ಎದೆಯಿಂದ ಬೆನ್ನಿನವರೆಗಿನ ದಪ್ಪ ಅಳೆಯಬೇಡಿ. ಅಚ್ಚಿನ ಎರಡು ಹೋಳುಗಳನ್ನು ಎಷ್ಟು ಬಿಗಿದಿದ್ದರು ಅನ್ನುವುದರ ಮೇಲೆ ಅಸಲಿಯಲ್ಲೂ ಅದು ಹೆಚ್ಚುಕಡಿಮೆ ಆಗುತ್ತದೆ. ಬಾಗುವ ಈಟಿ, ಕತ್ತಿಯೂ ಬೇಡ. ಪಾದದಿಂದ ಗಲ್ಲ, ಭುಜದಿಂದ ಭುಜ, ಗುರಾಣಿಯ ಅಗಲ, ಹೀಗೆ ಅಚ್ಚು ಕೂಡುವ ಗೆರೆಯ ಉದ್ದಕ್ಕೆ ಮೂರು ಕಡೆ ಅಳೆಯಿರಿ. ಪಕ್ಕದಲ್ಲಿ ಮೂಲ ಗೊತ್ತಿರುವ ಒಂದು ಅಸಲಿ ಇರಲೇಬೇಕು. ಒಂಟಿ ಗೊಂಬೆಗೆ ತೀರ್ಪು ಕೊಡಬೇಡಿ. ಮೂರೂ ಕಡೆ ಒಂದೇ ಪ್ರಮಾಣದಲ್ಲಿ ಕಡಿಮೆ ಬಂದರೆ ಅನುಮಾನ ಗಟ್ಟಿ.

ಆರ್ಕಿಮಿಡೀಸ್ ಕಥೆ ನಿಮಗೆಲ್ಲ ಗೊತ್ತು. ಸಿರಾಕ್ಯೂಸಿನ ರಾಜನ ಕಿರೀಟ, ಚಿನ್ನಕ್ಕೆ ಬೆಳ್ಳಿ ಬೆರೆಸಿದ ಅಕ್ಕಸಾಲಿ. ಸ್ನಾನದ ತೊಟ್ಟಿಯಿಂದ ಎದ್ದು ಬೀದಿಯಲ್ಲಿ ಬೆತ್ತಲೆ ಓಡಿದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನಾವು ನೆನಪಿಡಬೇಕಾದ್ದು ಬೇರೆ. ಆ ಕಿರೀಟದ ತೂಕ ಸರಿಯಾಗಿಯೇ ಇತ್ತು! ರಾಜ ಕೊಟ್ಟ ಚಿನ್ನದಷ್ಟೇ ತೂಗಿತು. ತಕ್ಕಡಿಯಲ್ಲಿ ಸಿಗದ ಕಳ್ಳ ನೀರಿನಲ್ಲಿ ಸಿಕ್ಕಿಬಿದ್ದ. ಅದೂ ಅಷ್ಟೇ ತೂಕದ ಚಿನ್ನದ ಗಟ್ಟಿಯ ಜೊತೆ ಹೋಲಿಸಿದ ಮೇಲೆ. ನೋಡಿ, ಅಲ್ಲೂ ಪಕ್ಕದಲ್ಲೊಂದು ಅಸಲಿ ಬೇಕಾಯಿತು.

ಅದನ್ನೇ ಮನೆಯಲ್ಲಿ ಮಾಡಬಹುದು. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ಒಂದು ಲೋಟ ನೀರು, ಸಣ್ಣ ದಾರ. ಬಣ್ಣ, ಪುಟ್ಟಿ, ಪ್ಲಾಸ್ಟಿಕ್ ಪೀಠ ಎಲ್ಲ ತೆಗೆದು ಒಣ ತೂಕ ನೋಡಿ. 16 ಗ್ರಾಂ ಅನ್ನೋಣ. ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಗೊಂಬೆಯನ್ನು ದಾರದಲ್ಲಿ ಪೂರ್ತಿ ಮುಳುಗಿಸಿ, ತಳ, ಗೋಡೆ ತಾಗದಂತೆ ಹಿಡಿಯಿರಿ. 1.80 ಗ್ರಾಂ ಬಂತೆನ್ನಿ, ಅದು ಗೊಂಬೆ ಪಕ್ಕಕ್ಕೆ ತಳ್ಳಿದ ನೀರಿನ ತೂಕ. 16ನ್ನು 1.80ರಿಂದ ಭಾಗಿಸಿದರೆ 8.9. ಅದೇ ಲೋಹದ ಸಾಂದ್ರತೆ, ಅಂದರೆ ಅಷ್ಟೇ ಜಾಗದ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು. ತವರಕ್ಕೆ ಇದು 7.3, ಸೀಸಕ್ಕೆ 11.3; ಬೇರೆ ಲೋಹ ಹೆಚ್ಚಿಲ್ಲದಿದ್ದರೆ ತೂಕದಲ್ಲಿ ಎರಡೂ ಸರಿಸುಮಾರು ಅರ್ಧರ್ಧ. ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ, ಇಲ್ಲದಿದ್ದರೆ ಕಂಕುಳಲ್ಲಿ ಗಾಳಿಗುಳ್ಳೆ ಕೂತು ಲೆಕ್ಕ ಕೆಡಿಸುತ್ತದೆ. ಓದುವುದರಲ್ಲಿ 0.1 ಗ್ರಾಂ ತಪ್ಪಿದರೆ ಉತ್ತರ 8.4 ಆದೀತು, 9.4 ಆದೀತು. ಅಡುಗೆಮನೆ ತಕ್ಕಡಿ ಸಾಲದು.

ಇಲ್ಲೊಂದು ಎಚ್ಚರಿಕೆ. ಲೋಹ ಬೇರೆ ಅಂದಮಾತ್ರಕ್ಕೆ ನಕಲು ಅಲ್ಲ. ನ್ಯೂಯಾರ್ಕ್ ರಾಜ್ಯದ ಸೀಸದ ಕಾನೂನಿನ ಬಿಸಿಗೆ ರಾಲ್ ಪಾರ್ಥಾ 1993ರಲ್ಲಿ ರಾಲಿಡಿಯಂ ಅನ್ನುವ ಸೀಸವಿಲ್ಲದ ಮಿಶ್ರಲೋಹಕ್ಕೆ ಹೋಯಿತು. ಸಿಟಾಡೆಲ್ 1997ರಲ್ಲಿ ಬಿಳಿ ಲೋಹಕ್ಕೆ, ಅದೂ ಸೀಸವಿಲ್ಲದ್ದೇ. ಪೀಠಕ್ಕೆ ಸಿಕ್ಕಿಸುವ ಪಟ್ಟಿಯ ಮೇಲಿನ ಇಸವಿ ಕೃತಿಸ್ವಾಮ್ಯದ್ದು, ಎರಕ ಹೊಯ್ದದ್ದಲ್ಲ. 1980ರ ದಶಕದ ಇಸವಿ ಹೊತ್ತ ಗೊಂಬೆ ಎಷ್ಟೋ ವರ್ಷ ಬಿಟ್ಟು ಹೊಯ್ದದ್ದಾಗಿರಬಹುದು, ಆದರೂ ಅಸಲಿಯೇ.

ಸಮಯ ಆಯಿತು ಅಂತ ಸನ್ನೆ ಬರುತ್ತಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಅಚ್ಚಿನ ಗೆರೆ ನೋಡಿ. ಹಳೇ ಗೆರೆಯನ್ನು ಅರದಿಂದ ಉಜ್ಜಿದ ಗುರುತಿದ್ದು, ಅದರ ಪಕ್ಕದಲ್ಲೇ ಹೊಸ ಗೆರೆ ಹಾದುಹೋಗಿದ್ದರೆ, ಅದು ಗೊಂಬೆಯಿಂದ ಎತ್ತಿದ ಗೊಂಬೆ. ಹೀಗೆ ಅರದ ಒಂದೇ ಗೀರು, ಅಂಟಿನ ಒಂದೇ ಗುಳ್ಳೆ ಎರಡು ಗೊಂಬೆಗಳಲ್ಲಿ ಕಂಡರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅವು ಯಾರೋ ಒಬ್ಬ ಮಾಲೀಕನ ಕೈಗುರುತು. ಮೈಮೇಲೆ ಸಾಸಿವೆಯಂಥ ಲೋಹದ ಗುಳ್ಳೆಗಳಿದ್ದರೆ ಅಚ್ಚಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು ಅಂತ. ಪಟ್ಟಿಯ ಅಕ್ಷರ ಮಸುಕಾಗಿದ್ದರೆ, ಉಜ್ಜಿ ತೆಗೆದಿದ್ದರೆ ಅಲ್ಲೇ ನಿಲ್ಲಿ, ಮತ್ತೆ ಅಳೆಯಿರಿ. ಕಾಗದದ ಮೇಲೆ ಗೀಚಿದರೆ ಬೂದು ಗೆರೆ ಬೀಳುವುದು ಸೀಸ ಇದೆ ಅನ್ನುವುದಕ್ಕಷ್ಟೇ ಗುರುತು.

ದಯವಿಟ್ಟು ಹುಣಸೆಹಣ್ಣು, ನಿಂಬೆ, ವಿನೆಗರ್ ಹಚ್ಚಿ ತೊಳೆಯಬೇಡಿ, ಇದು ತಾಮ್ರದ ಚೊಂಬಲ್ಲ. ಹುಳಿ ಸೀಸವನ್ನು ತಿನ್ನುತ್ತದೆ, ಆಮೇಲೆ ಬಿಳಿ ಪುಡಿ ಉದುರುತ್ತದೆ. ಅರದ ಪುಡಿ ಊಟದ ಮೇಜಿಗೆ ಬೀಳದಿರಲಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಬಾಗಿಲ ಬಳಿಯ ಮೇಜಿನ ಮೇಲೆ ಆರು ಗೊಂಬೆ, ಎರಡು ಕ್ಯಾಲಿಪರ್ ಇವೆ. ಚೀಟಿ ಅಂಟಿಸಿದ್ದು ಅಸಲಿ. ಉಳಿದ ಐದನ್ನು ಅದರ ಪಕ್ಕದಲ್ಲಿಟ್ಟು ಅಳೆಯಿರಿ, ಮೊದಲು ಗುರಾಣಿಯಿಂದ ಶುರುಮಾಡಿ.